ಮಾತು ಬಿಟ್ಟ ಮನೆಯ ಚೂರು

ಟೆರಿಲಿನ್ ಬಟ್ಟೆಗೆ ಸಾವಿಲ್ಲ. ಹತ್ತಿಯದಾದರೆ ಒಗೆದು ಒಗೆದು ತೆಳ್ಳಗಾಗಿ, ಬಿಸಿಲಿಗೆ ಬಣ್ಣ ಬಿಟ್ಟು, ಕೊನೆಗೆ ಒಲೆ ಒರೆಸುವ ಚಿಂದಿಯಾಗಿ ಮಣ್ಣು ಸೇರುತ್ತದೆ. ಹೋದ ತಿಂಗಳು ಮಂಚದ ಕೆಳಗಿನ ಬಟ್ಟೆಗಂಟು ಬಿಚ್ಚಿದಾಗ ತಳದಲ್ಲಿ ಅಂಗೈಯಗಲದ ನೀಲಿ ಟೆರಿಲಿನ್ ಚೂರೊಂದು ಸಿಕ್ಕಿತು. ನುಸಿಗುಳಿಗೆಯ ವಾಸನೆ. ನಲವತ್ತೈದು ವರ್ಷ ಆಗಿರಬೇಕು, ನಿನ್ನೆ ಅಂಗಡಿಯಲ್ಲಿ ಕತ್ತರಿಸಿದ ಹಾಗೆ ಹೊಳೆಯುತ್ತಿತ್ತು. ನಾಲ್ಕು ಅಂಚಿಗೂ ಸಾಲಾಗಿ ಸೂಜಿಯ ತೂತು. ಹತ್ತಿಯಲ್ಲಿ ತೂತು ಒಂದು ಒಗೆತಕ್ಕೆ ಮುಚ್ಚಿಕೊಳ್ಳುತ್ತದೆ, ಟೆರಿಲಿನ್ನಿನಲ್ಲಿ ಚುಚ್ಚಿದ್ದು ಚುಚ್ಚಿದ್ದೇ.

ಅದನ್ನು ಮತ್ತೆ ತಳಕ್ಕೆ ತುರುಕಿದೆ. ಎದ್ದು ಹಿತ್ತಿಲಿಗೆ ಹೋಗಿ ಬಂದೆ. ಮತ್ತೆ ತೆಗೆದು ನೋಡಿದೆ. ನನಗೆ ಮೊದಲಿಂದಲೂ ಒಂದು ಕಡೆ ಕೂರುವ ಅಭ್ಯಾಸ ಇಲ್ಲ, ಕೂತರೆ ಕೈಗೆ ಕೆಲಸ ಇರಬೇಕು, ಇಲ್ಲದಿದ್ದರೆ ಕಾಲು ಎದ್ದು ಹೊರಡುತ್ತದೆ. ಅವತ್ತು ಕೈಗೆ ಕೆಲಸ ಇದ್ದೂ ಕಾಲು ನಿಲ್ಲಲಿಲ್ಲ.

ಕೆಲಸ ಏನೆಂದರೆ, ಮಗುವಿಗೊಂದು ಕೌದಿ. ನಮ್ಮತ್ತೆ ಅದನ್ನು ಬೊಂತೆ ಅನ್ನುತ್ತಿದ್ದಳು, ಈಗ ಎಲ್ಲರೂ ಕೌದಿ ಅನ್ನುತ್ತಾರೆ. ಹಳೆ ಸೀರೆ ಎರಡು ಮಡಿಕೆ ಹಾಸಿ, ಮೇಲೆ ಚೂರು ಚೂರು ಬಟ್ಟೆ ಜೋಡಿಸಿ, ಅಂಚಿನಿಂದ ಒಳಗೆ ಸಾಲು ಸಾಲಾಗಿ ಹೊಲಿದುಕೊಂಡು ಹೋಗುವುದು. ದೊಡ್ಡ ವಿದ್ಯೆಯೇನಲ್ಲ. ಮಗು ಇನ್ನೂ ಹುಟ್ಟಿಲ್ಲ. ನನ್ನ ಮಗಳು ಮಂಜುಳಾಳ ಮಗಳು ಕಾವ್ಯ ಹಾಸನದಲ್ಲಿದ್ದಾಳೆ, ಏಳು ತಿಂಗಳ ಬಸುರಿ. ಇದಕ್ಕೆ ಮೊದಲು ಎರಡು ಸಲ ನಿಲ್ಲಲಿಲ್ಲ. ಒಂದು ಮೂರು ತಿಂಗಳಿಗೆ ಹೋಯಿತು, ಇನ್ನೊಂದು ಆರಕ್ಕೆ. ಹಾಗೆ ಹೋದ ಮನೆಯಲ್ಲಿ ಮುಂದಿನ ಮಗುವಿಗೆ ಕೌದಿ ಹೊಲಿಯುವುದಕ್ಕೆ ನಮ್ಮತ್ತೆಯ ಕಾನೂನು ಬೇರೆ ಇತ್ತು. ಮಕ್ಕಳು ಗಟ್ಟಿಯಾಗಿ ಬೆಳೆದ ಐದು ಮನೆಗೆ ಹೋಗಿ ಸೆರಗು ಒಡ್ಡಿ ಬಟ್ಟೆಯ ಚೂರು ಬೇಡಿ ತರಬೇಕು. ಮಕ್ಕಳು ಉಟ್ಟು ಮಲಗಿ ಮೆತ್ತಗಾದ ಬಟ್ಟೆಯೇ ಆಗಬೇಕು. ಹೊಸದನ್ನು ಹುಟ್ಟದ ಮಗುವಿಗೆ ಮುಟ್ಟಿಸಬಾರದು. ಆಮೇಲೆ ಆರನೆಯದು, ಮಾತು ಬಿಟ್ಟ ಮನೆಯಿಂದ ಒಂದು ಚೂರು.

"ಅದ್ಯಾಕತ್ತೆ?" ಎಂದು ಕೇಳಿದ್ದೆ.

"ಹೊಟ್ಟೆಕಿಚ್ಚು ಎಲ್ಲೋ ಅಲೀತಿರೋದಕ್ಕಿಂತ ಕೌದೀಲಿ ಒಲ್ದಾಕಿದ್ರೆ ವಾಸಿ ಕಣೇ. ಮಗ ಅದರ ಮೇಲೇ ಮಲಿಕ್ಕತದೆ," ಅಂದಿದ್ದಳು. ಇದರಲ್ಲಿ ಏನು ಅರ್ಥ ಇದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕಾವ್ಯ ಇಂಥದ್ದನ್ನು ನಂಬುವವಳಲ್ಲ. ಕೌದಿ ಅಂದ ಕೂಡಲೇ ಫೋನಿನಲ್ಲಿ ನಕ್ಕಳು. "ಅಜ್ಜಿ, ನೀನು ಚಿಂದಿ ಅಂತೀಯಲ್ಲ, ಅದನ್ನೇ ಈಗ ವಿಂಟೇಜ್ ಅಂತ ಮಾರ್ತಾರೆ," ಅಂದಳು. ಆಮೇಲೆ ಅವಳ ಅಮ್ಮ ಮಂಜುಳಾಳ ಹತ್ತಿರ ಬೇರೆ ಏನೇನೋ ಮಾತಾಡಿ, ಫೋನು ಇಡುವ ಮುಂಚೆ, "ಅಜ್ಜಿಗೆ ಬೇಗ ಹೊಲಿ ಅಂತ ಹೇಳು. ಆರೂ ಮನೇದೂ ಸರಿಯಾಗಿ ತರ್ಬೇಕಂತೆ ಅಂತ ಹೇಳು," ಅಂದಳಂತೆ. ನಂಬದವರು ಹೀಗೆ ಹೇಳಿದರೆ ನಂಬುವವರಿಗಿಂತ ಹೆಚ್ಚು ಭಾರ.

ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಐದು ಮನೆ ತಿರುಗುವುದು ಕಷ್ಟವಾಗಲಿಲ್ಲ. ಹತ್ತಿ ಬಟ್ಟೆ ಹುಡುಕುವುದು ಕಷ್ಟವಾಯಿತು. ಈಗಿನ ಮಕ್ಕಳ ಬಟ್ಟೆ ಎಲ್ಲ ಎಳೆದರೆ ಉದ್ದ, ಬಿಟ್ಟರೆ ಗಿಡ್ಡ. ಎದುರುಮನೆಯವಳು ಬೀರು ತೆಗೆದು ಅರ್ಧ ಗಂಟೆ ಹುಡುಕಿ, "ಅಜ್ಜಿ, ಇದೊಂದು ಐತೆ, ಮಿಕ್ಕಿ ಮೌಸ್ ಇದ್ರೆ ಪರವಾಗಿಲ್ವಾ," ಅಂದಳು. ಪರವಾಗಿಲ್ಲ ಅಂದೆ. ನಮ್ಮತ್ತೆ ಇಲಿಯ ವಿಷಯ ಏನೂ ಹೇಳಿರಲಿಲ್ಲ. ಇನ್ನೊಬ್ಬರು ಮಗನ ಸ್ಕೂಲ್ ಯೂನಿಫಾರಂ ಕೊಟ್ಟರು, ಜೇಬಿನಲ್ಲಿ ಇನ್ನೂ ಬಳಪದ ತುಂಡಿತ್ತು. ತಳಕ್ಕೆ ಹಾಸಲು ನಮ್ಮತ್ತೆಯ ಕೆಂಪು ಚೌಕುಳಿ ಸೀರೆ ನನ್ನ ಹತ್ತಿರವೇ ಇತ್ತು. ಅದನ್ನು ನೇಯ್ದ ಮಗ್ಗವೂ ಈಗ ಇರಲಿಕ್ಕಿಲ್ಲ. ಐದು ಚೂರು ಆಯಿತು. ಉಳಿದಿದ್ದು ಆರನೆಯದು.

"ಅವ್ವ, ಮಾತು ಬಿಟ್ಟ ಮನೆ ಅಂದ್ರೆ ಚಿಕ್ಕವ್ವಂದೇ ಅಲ್ವಾ," ಅಂದಳು ಮಂಜುಳಾ. "ಅರಕಲಗೂಡಿಗೆ ಓಗ್ಬರ್ಬೇಕು ನೀನು."

ಚಿಕ್ಕವ್ವ ಅಂದರೆ ನಿಂಗಿ, ನನ್ನ ಮೈದುನನ ಹೆಂಡತಿ. ನಾವು ಮಾತು ಬಿಟ್ಟದ್ದು ಜಮೀನಿನ ವಿಷಯಕ್ಕೆ ಎಂದು ನಮ್ಮ ಕಡೆಯವರೆಲ್ಲ ತಿಳಿದಿದ್ದಾರೆ. ಮಂಜುಳಾಳೂ ಹಾಗೇ ತಿಳಿದಿದ್ದಾಳೆ. ಯಾರು ಹೇಳಿದರೋ ಕಾಣೆ, ನಾನು ಅಲ್ಲ ಅನ್ನಲಿಲ್ಲ. ಜಗಳಕ್ಕೆ ಜಮೀನಿನಷ್ಟು ಮರ್ಯಾದೆಯ ಕಾರಣ ಬೇರೆ ಇಲ್ಲ.

ಈಗ ನಿಮಗೆ ಹೇಳಿಬಿಡುತ್ತೇನೆ.

ಆಗ ನಾನು ಇದೇ ಊರಿನ ಟೈಲರ್ ಅಂಗಡಿಯೊಂದರಲ್ಲಿ ಗುಂಡಿ ತೂರುವ ತೂತಿನ ಸುತ್ತ ಕಾಜಾ ಹಾಕುವ, ಗುಂಡಿ ಕಟ್ಟುವ ಕೆಲಸಕ್ಕಿದ್ದೆ. ಸ್ಕೂಲಿಗೆ ಹೋದದ್ದು ಮೂರನೆಯ ಕ್ಲಾಸು, ಅದೂ ಪೂರ್ತಿ ಅಲ್ಲ. ಓದಲು ಸರಿಯಾಗಿ ಕಲಿತದ್ದು ಅಂಗಡಿಯ ಅಳತೆ ಪುಸ್ತಕದಲ್ಲಿ. ಎದೆ, ಸೊಂಟ, ತೋಳು, ಕತ್ತು, ಉದ್ದ. ಹಾಗಾಗಿ ಇವತ್ತಿಗೂ ಈ ಐದು ಮಾತನ್ನು ಬರೆದರೆ ತಪ್ಪಾಗುವುದಿಲ್ಲ, ಮಿಕ್ಕಿದ್ದನ್ನು ಕಾವ್ಯ ತಿದ್ದುತ್ತಾಳೆ. ನನ್ನ ಒತ್ತಕ್ಷರ ಕಾಜಾ ಹಾಕಿದ ಹಾಗೆ ಕಾಣುತ್ತದಂತೆ. ಇದನ್ನೂ ಅವಳೇ ತಿದ್ದಬೇಕು. ಆದ್ದರಿಂದ ಮುಂದೆ ಬರೆಯುವುದು ಅವಳಿಗೂ ತಿಳಿಯುತ್ತದೆ. ತಿಳಿಯಲಿ.

ನನಗೆ ಆಗಲೇ ಮೂರು ಮಕ್ಕಳು, ಮಂಜುಳಾ ಕೊನೆಯವಳು, ಮೂರು ವರ್ಷ. ನಿಂಗಿಗೆ ಎರಡು ಹುಟ್ಟಿ ಎರಡೂ ಹೋಗಿದ್ದವು. ಮೂರನೆಯದಕ್ಕೆ ತುಂಬಿದ ಬಸುರಿ. ನಮ್ಮತ್ತೆ ಅವಳಿಗೆ ಕೌದಿಯ ಕಾನೂನು ಹೇಳಿ, ಐದು ಮನೆಯಲ್ಲಿ ನನ್ನದನ್ನೇ ಮೊದಲು ಹೇಳಿ ಕಳಿಸಿದ್ದಳು. ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ ಬಂದಳು. ಊಟಕ್ಕೂ ಕೂರದೆ ಹೊಸಲಿನ ಆಚೆ ನಿಂತು ಸೆರಗು ಒಡ್ಡಿದಳು. ಹಿತ್ತಿಲ ತಂತಿಯ ಮೇಲೆ ಮಂಜುಳಾಳ ಹಳದಿ ಫ್ರಾಕು ಒಣಗುತ್ತಿತ್ತು. ಕತ್ತಿಗೆ ಕೆಂಪು ಪಟ್ಟಿ. ಮೂರು ಮಕ್ಕಳೂ ಒಬ್ಬರಾದ ಮೇಲೆ ಒಬ್ಬರು ಹಾಕಿಕೊಂಡ ಫ್ರಾಕು ಅದು, ಮುಟ್ಟಿದರೆ ಬೆಣ್ಣೆ.

"ಅಕ್ಕಯ್ಯ, ಅದರ ಕೆಳ ಅಂಚಲ್ಲಿ ಒಂದು ಚೂರು ಕೊಟ್ಬುಡು. ನಿನ್ನ ಮೂರು ಮಕ್ಕಳು ಮಲಗಿರೋ ಬಟ್ಟೆ," ಅಂದಳು.

"ಅದಿನ್ನೂ ಹರಿದಿಲ್ಲ ಕಣೇ, ಮಂಜಿ ಹಾಕ್ಕತಾಳೆ. ಇದ್ದು ನಾಳೆ ಓಗು, ಬೇರೆದು ಕೊಡ್ತೀನಿ," ಅಂದೆ.

ಫ್ರಾಕಿನ ಮೇಲಿನ ಆಸೆಯಿಂದ ಹಾಗೆ ಹೇಳಲಿಲ್ಲ. ಹೆದರಿದೆ. ಎರಡು ಮಗು ಕಳೆದುಕೊಂಡವಳ ಸೆರಗಿಗೆ ನನ್ನ ಮಕ್ಕಳ ಬಟ್ಟೆ ಬಿದ್ದರೆ, ನನ್ನ ಮಕ್ಕಳ ಗಟ್ಟಿತನ ಅದರ ಜೊತೆ ಎದ್ದು ಹೋಗುತ್ತದೆ ಅನ್ನಿಸಿತು. ಐದು ಮನೆಯವರು ನಗುನಗುತ್ತ ಚೂರು ಕೊಡುತ್ತಾರಲ್ಲ, ಅವರಿಗೂ ಒಳಗೆ ಹಾಗೇ ಅನ್ನಿಸುತ್ತದೋ ಏನೋ. ಅನ್ನಿಸಿಯೂ ಕೊಡುತ್ತಾರೆ. ನನಗೆ ಕೈ ಬರಲಿಲ್ಲ.

ಆ ಮಧ್ಯಾಹ್ನ ಅಂಗಡಿಗೆ ಹೋಗಿ, ಯಾರದೋ ಮದುವೆಯ ಪ್ಯಾಂಟಿನಲ್ಲಿ ಉಳಿದ ನೀಲಿ ಟೆರಿಲಿನ್ ಚೂರು ತಂದೆ. ರಾತ್ರಿ ನಿಂಗಿ ಮಲಗಿದ ಮೇಲೆ ಸೋಡಾ ಹಾಕಿ ಕುದಿಸಿದೆ. ಕಲ್ಲಿಗೆ ಉಜ್ಜಿದೆ. ಹಿಂಡಿ, ಮುದುರಿ, ಹಾಸಿಗೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಶ್ರದ್ಧೆಯಿಂದ ಮಾಡಿದ್ದು ಕಡಿಮೆ. ಮಾರನೆಯ ದಿನ ಅವಳ ಸೆರಗಿಗೆ ಹಾಕಿ, "ಮಂಜಿ ಹುಟ್ಟಿದಾಗ ಇದರ ಮೇಲೇ ಮಲಗಿದ್ದು," ಅಂದೆ. ಅವಳು ಕಣ್ಣಿಗೊತ್ತಿಕೊಂಡಳು.

ಅವಳಿಗೆ ಗಂಡು ಮಗು ಆಯಿತು. ಹನ್ನೊಂದನೆಯ ದಿನ ಮೈ ಹಳದಿಯಾಗಿ ಹಾಲು ಬಿಟ್ಟಿತು, ಹಾಸನದ ಆಸ್ಪತ್ರೆ ಮುಟ್ಟುವ ಮೊದಲೇ ಹೋಯಿತು. ಬಟ್ಟೆಯಿಂದ ಯಾವ ಮಗುವೂ ಸಾಯುವುದಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದೇ ಸಲ ಹೇಳಿ ಸಾಕಾಗಬೇಕಿತ್ತು.

ಅದಾಗಿ ತಿಂಗಳಿಗೆಲ್ಲ ಒಂದು ದಿನ ಮಂಜುಳಾ ಜಗುಲಿಯಿಂದ ಕೂಗಿದಳು. "ಅವ್ವ, ಚಿಕ್ಕವ್ವ ಬಂದವ್ಳೆ."

ಒಳಗಿಂದಲೇ ಕೈಸನ್ನೆ ಮಾಡಿದೆ, ಅವ್ವ ಇಲ್ಲ ಅನ್ನು ಅಂತ. ಮೂರು ವರ್ಷದ ಹುಡುಗಿ, "ಅವ್ವ ಇಲ್ವಂತೆ," ಅಂದಳು. ನಾನು ಎದ್ದು ಬಾಗಿಲು ಹಾಕಿಕೊಂಡೆ. ನಿಂಗಿ ಸ್ವಲ್ಪ ಹೊತ್ತು ನಿಂತಿದ್ದಳು, ಬಾಗಿಲ ಸಂದಿಯಲ್ಲಿ ಅವಳ ಪಾದ ಕಾಣುತ್ತಿತ್ತು. ಹೋದ ಮೇಲೆ ತೆಗೆದು ನೋಡಿದರೆ ಹೊಸಲ ಮೇಲೆ ಆ ನೀಲಿ ಚೂರು. ಹೊಲಿಗೆ ಬಿಚ್ಚಿ, ಒಗೆದು, ಮಡಿಸಿ ಇಟ್ಟಿದ್ದಳು.

ಅವಳಿಗೆ ಗೊತ್ತಾಗಿಬಿಟ್ಟಿತು, ನನ್ನ ಮುಖಕ್ಕೆ ಎಸೆದು ಹೋಗಿದ್ದಾಳೆ ಎಂದುಕೊಂಡೆ. ಅಲ್ಲಿಗೆ ಮಾತು ನಿಂತಿತು. ನಮ್ಮತ್ತೆಯ ತಿಥಿಯಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕೂತೆವು. ಮೈದುನ ಸತ್ತಾಗ ನನ್ನ ಗಂಡ ಒಬ್ಬರೇ ಹೋಗಿ ಬಂದರು. ಆಮೇಲೆ ಅವರೂ ತೀರಿಕೊಂಡರು, ಆಗ ಅವಳು ಬಂದು ಹೆಂಗಸರ ಹಿಂದೆ ನಿಂತು, ಹೇಳದೆ ಹೋದಳಂತೆ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಈಗ ಆರನೆಯ ಚೂರು ಅವಳ ಮನೆಯಿಂದಲೇ ಬರಬೇಕು.

ನಿಜ ಹೇಳಬೇಕೆಂದರೆ ಮೊದಲು ಬಂದ ಯೋಚನೆ ಹಳೆಯದೇ. ಯಾವುದೋ ಒಂದು ಚೂರು ಸೇರಿಸಿ, ಇದೇ ನಿಂಗಿ ಮನೇದು ಅಂದರೆ ಯಾರು ಕೇಳುತ್ತಾರೆ? ಅರಕಲಗೂಡಿಗೆಂದು ಹೊರಟು ಹೊಳೆನರಸೀಪುರದಲ್ಲೇ ಇಳಿದು, ಒಂದು ಕಾಫಿ ಕುಡಿದು ವಾಪಸ್ ಬಂದರೂ ಆಗುತ್ತದೆ. ನನಗೆ ಈ ಕೆಲಸ ಬರುತ್ತದೆ, ಕೈ ಪಳಗಿದೆ. ನಾಲ್ಕು ದಿನ ಮನೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ತಿರುಗಿದೆ. ಸೂಜಿಗೆ ದಾರ ಏರಿಸಿ ಅಲ್ಲೇ ಇಟ್ಟು ಮರೆತೆ, ಮಂಜುಳಾ ಅದರ ಮೇಲೆ ಕೂತು ಚೀರಿದಳು. "ನಿನ್ನ ಕಾಲಿಗೆ ಏನು ಕಟ್ಕಂಡಿದ್ದೀಯವ್ವ, ಒಂದು ಕಡೆ ಕುಂತ್ಕೋಬಾರ್ದಾ," ಅಂದಳು. ಐದನೆಯ ದಿನ ಹೊರಟೆ. ಚೀಲದಲ್ಲಿ ಆ ನೀಲಿ ಚೂರು ಯಾಕೆ ಹಾಕಿಕೊಂಡೆನೋ ನನಗೇ ತಿಳಿಯದು.

ಹೆಂಗಸರಿಗೆ ಈಗ ಬಸ್ಸು ಬಿಟ್ಟಿ. ಕಂಡಕ್ಟರು, "ಅಜ್ಜಿ, ಆಧಾರ್ ಕಾರ್ಡ್ ತೆಗೀರಿ," ಅಂದ.

"ಮುಖ ನೋಡಿದ್ರೆ ಗೊತ್ತಾಗಲ್ವಾ ಹೆಂಗಸು ಅಂತ?"

"ಹೆಂಗಸು ಅಂತ ಗೊತ್ತಾಯ್ತದೆ. ಕರ್ನಾಟಕದೋರು ಅಂತ ಮುಖದಲ್ಲಿ ಎಲ್ಲಿ ಬರ್ದೈತೆ?"

ಹೊಳೆನರಸೀಪುರದಲ್ಲಿ ಇಳಿದು ಕಾಫಿ ಕುಡಿದೆ. ಚನ್ನರಾಯಪಟ್ಟಣದ ಬಸ್ಸು ಎದುರಿಗೇ ನಿಂತಿತ್ತು, ಹತ್ತಿ ಕೂತೆ. ಡ್ರೈವರು ಬರುವುದು ಅಷ್ಟು ತಡವಾಗದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಕೂತಲ್ಲಿ ಕೂರಲಾಗದೆ ಇಳಿದೆ, ಇಳಿದ ಮೇಲೆ ಅರಕಲಗೂಡಿನ ಬಸ್ಸು ಬಂತು. ನನ್ನ ಚಟವೇ ನನ್ನನ್ನು ಅಲ್ಲಿಗೆ ಮುಟ್ಟಿಸಿತು.

ನಿಂಗಿ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಾಳೆಂದು ಕೇಳಿದ್ದೆ. ಕರಗಿ ಕುಗ್ಗಿದ ಒಬ್ಬ ಮುದುಕಿಯನ್ನು ಹುಡುಕುತ್ತಿದ್ದೆ. ಎರಡು ಸಲ ಅವಳ ಮುಂದೆಯೇ ಹಾದುಹೋದೆ. ಅಗಲವಾದ ಬುಟ್ಟಿ, ಅದಕ್ಕಿಂತ ಅಗಲವಾಗಿ ಅವಳು, ಕಿವಿಗೆ ಫೋನು ಸಿಕ್ಕಿಸಿಕೊಂಡು ಯಾರಿಗೋ ಬೈಯುತ್ತ ಕೈಬೆರಳಲ್ಲಿ ಹೂ ಕಟ್ಟುತ್ತಿದ್ದಳು.

"ಎಷ್ಟು ಮೊಳ ಕೊಡ್ಲವ್ವ?" ಅಂದಳು ತಲೆ ಎತ್ತದೆ.

"ಹೂವ ಬೇಡ."

ತಲೆ ಎತ್ತಿದಳು. ಫೋನು ಕೆಳಗಿಟ್ಟಳು. "ಅಕ್ಕಯ್ಯ ಅಲ್ವಾ? ಇದ್ಯಾಕಿಂಗೆ ಒಣಗೋಗಿದ್ದೀಯ?"

"ನೀನ್ಯಾಕಿಂಗೆ ಊದ್ಕಂಡಿದ್ದೀಯ?"

"ಕುಂತ ಕಡೇನೇ ಕೆಲ್ಸ, ಕುಂತ ಕಡೇನೇ ಊಟ." ಬುಟ್ಟಿ ಸರಿಸಿ ಗೋಣಿಚೀಲ ಹಾಸಿದಳು. "ಕುಂತ್ಕೋ. ಯಾರಾದ್ರೂ ಓಗ್ಬುಟ್ರಾ?"

ನಮ್ಮ ವಯಸ್ಸಿನಲ್ಲಿ ಯಾರಾದರೂ ಹುಡುಕಿಕೊಂಡು ಬಂದರೆ ಮೊದಲು ಕೇಳುವುದು ಅದೇ. ಯಾರೂ ಇಲ್ಲ ಅಂದೆ. ಕಾವ್ಯಳ ವಿಷಯ ಹೇಳಿದೆ. ಎರಡು ಹೋದದ್ದು, ಈಗ ಏಳು ತಿಂಗಳು, ಕೌದಿ. ಅವಳ ಬೆರಳು ಹೂವಿನ ಮೇಲೆ ನಿಂತಿತು.

"ನಂಗೆ ಮಕ್ಕಳಿಲ್ವಲ್ಲ ಅಕ್ಕಯ್ಯ. ಮಕ್ಕಳು ಬೆಳ್ದಿರೋ ಮನೇದಲ್ವಾ ಬೇಡ್ಬೇಕು?"

"ಐದು ಸಿಕ್ಕೈತೆ. ಇದು ಮಾತು ಬಿಟ್ಟ ಮನೇದು."

ನಕ್ಕಳು. ಮಡಿಲಿನ ಹೂವು ಉದುರುವ ಹಾಗೆ ನಕ್ಕಳು. "ನಾನ್ಯಾವತ್ತು ಮಾತು ಬಿಟ್ಟೆ? ಬಾಗ್ಲು ಹಾಕ್ಕಂಡಿದ್ದು ನೀನು. ಅವ್ವ ಇಲ್ವಂತೆ ಅಂತು ಮಂಜಿ. ಅಂತೆ ಅಂದ್ರೆ ಒಳಗವ್ಳೆ ಅಂತ ಗೊತ್ತಾಗಲ್ವಾ."

"ನೀನು ಆ ಚೂರ ತಂದು ಹೊಸಲ ಮೇಲೆ ಮಡಗ್ದಲ್ಲ."

"ಎಲ್ಲಾರ ಮನೇಗೂ ಮಡಗ್ದೆ. ಸತ್ತೋದ ಮಗೀನ ಕೌದೀಲಿ ಬದ್ಕಿರೋ ಮಕ್ಕಳ ಬಟ್ಟೆ ಇರ್ಬಾರದು ಅಂತ ಬಿಚ್ಚಿ, ಅವರವರ ಚೂರ ಅವರವರಿಗೆ ಕೊಟ್ಟು ಬಂದೆ. ನಿಮ್ಮ ಮನೆ ಕೊನೇದು. ಇಷ್ಟು ದಿನ ಅದಕ್ಕಾ ನೀನು ಮುನಿಸ್ಕಂಡಿದ್ದು? ವಾಪಸ್ ಕೊಟ್ಟೆ ಅಂತ?"

ನೀವು ಗಮನಿಸಿ, ಅವಳಿಗೆ ಏನೂ ಗೊತ್ತಿರಲಿಲ್ಲ. ನಲವತ್ತೈದು ವರ್ಷ ನಾನು ಯಾವ ಬೈಗುಳಕ್ಕೆ ಹೆದರಿ ತಿರುಗಿದೆನೋ ಅದು ಅವಳ ಬಾಯಲ್ಲಿ ಇರಲೇ ಇಲ್ಲ. ಅಲ್ಲಿಗೆ ಬಿಡಬಹುದಿತ್ತು. ಹೌದು ಕಣೇ, ದಡ್ಡತನ ಅಂದು, ಇಬ್ಬರೂ ಒಂದು ಟೀ ಕುಡಿದು, ಚೂರು ತಗೊಂಡು ಬರಬಹುದಿತ್ತು. ಆದರೆ ಮಾತು ಬಿಡದ ಮನೆಯ ಚೂರಾಗುತ್ತಿತ್ತು ಅದು. ಮತ್ತೆ ಸುಳ್ಳು ಚೂರು. ಆರೂ ಮನೇದೂ ಸರಿಯಾಗಿ ಎಂದು ಕಾವ್ಯ ಅಂದಿದ್ದಳು.

"ಅದು ಮಂಜಿ ಬಟ್ಟೆ ಅಲ್ಲ," ಅಂದೆ. "ಅಂಗಡೀಲಿ ಉಳ್ದಿದ್ದ ಹೊಸ ಬಟ್ಟೆ. ಕುದ್ಸಿ, ಉಜ್ಜಿ ಕೊಟ್ಟೆ. ನನ್ನ ಮಕ್ಕಳದ ಕೊಡಕ್ಕೆ ಹೆದರ್ಕಂಡೆ."

ಅಷ್ಟರಲ್ಲಿ ಒಬ್ಬಳು ಬಂದು ಹೂವು ಕೇಳಿದಳು. ನಿಂಗಿ ಎರಡು ಮೊಳ ಅಳೆದು, ಕತ್ತರಿಸಿ, ಎಲೆಯಲ್ಲಿ ಸುತ್ತಿ ಕೊಟ್ಟಳು. ಅಳೆಯುವಾಗ ಮೊಳ ಗಿಡ್ಡವಾಗಲಿಲ್ಲ. ಹೂವು ಕೊಂಡವಳು ಹೋದ ಮೇಲೆ ನಿಂಗಿ ಕೇಳಿದಳು.

"ಐತಾ ಅದು?"

ಚೀಲದಿಂದ ತೆಗೆದು ಕೊಟ್ಟೆ. ಅಂಚಿನ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದಳು, ನಾಲ್ಕು ಕಡೆಯೂ.

"ನಾನು ಹಾಕಿದ್ದ ಹೊಲಿಗೆ," ಅಂದಳು. "ಅವತ್ತು ಎರಡು ಬಸ್ಸು ಹತ್ತಿ ಬಂದಿದ್ದೆ. ಎದೇಲಿ ಇನ್ನೂ ಹಾಲು ನಿಂತಿರ್ಲಿಲ್ಲ. ರವಿಕೆ ಎಲ್ಲಾ ಒದ್ದೆ. ನಿನ್ನ ಮಗೀಗೆ ಏನೂ ಆಗ್ದಿರ್ಲಿ, ಬೇಗ ಕೊಟ್ಬುಡಾನ ಅಂತ ಬಂದಿದ್ದೆ."

ಅವಳ ಮಡಿಲಿಂದ ಉದುರಿದ್ದ ಹೂವು ಆಯ್ದು ಬುಟ್ಟಿಗೆ ಹಾಕಿದೆ.

ಅವಳು ಬುಟ್ಟಿಯ ಮೇಲೆ ಮುಚ್ಚಿದ್ದ ಒದ್ದೆ ಬಟ್ಟೆ ಎಳೆದುಕೊಂಡಳು. ಅವಳದೇ ಹಳೆ ಸೀರೆಯದು, ಬಿಳಿ ನೆಲಕ್ಕೆ ನೇರಳೆ ಚುಕ್ಕೆ. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ ಎಂದು ಸೀಳಿದಳು.

"ಸೆರಗು ಒಡ್ಡು," ಅಂದಳು.

ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಆಟೋದವರು ನೋಡುತ್ತಿದ್ದರು. ಗೋಣಿಚೀಲದಿಂದ ಎದ್ದು ಸೆರಗು ಒಡ್ಡಿದೆ. ಚೂರು ಬಿತ್ತು, ನೀರು ಸೆರಗಿನಿಂದ ಇಳಿದು ಕಾಲಿಗೆ ತೊಟ್ಟಿಕ್ಕಿತು.

"ಈಗ ಮಾತು ಬಿಟ್ಟೆ ನೋಡು," ಅಂದಳು. "ನಿಂಗೆ ಬೇಕಾಗಿದ್ದು ಸಿಕ್ತಲ್ಲ, ಓಗು. ಆ ಹುಡುಗಿ ಎರಿಗೆ ಆದ್ಮೇಲೆ ಮಂಜಿ ಕೈಲಿ ಫೋನ್ ಮಾಡ್ಸು. ನೀನು ಮಾಡ್ಬೇಡ."

ನೀಲಿ ಚೂರನ್ನು ವಾಪಸ್ ಕೊಡಲಿಲ್ಲ. ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ಹೊಳೆನರಸೀಪುರದವರೆಗೂ ನನ್ನ ಮಡಿಲು ತಣ್ಣಗಿತ್ತು. ಪಕ್ಕದಲ್ಲಿ ಕೂತ ಹೆಂಗಸು ಒಂದು ಸಲ ನೋಡಿ, ಇನ್ನೊಂದು ಸಲ ನೋಡಿ, ಸ್ವಲ್ಪ ಆಚೆ ಸರಿದು ಕೂತಳು.

ಆ ಚೂರು ಒಣಗಿದ ಮೇಲೂ ಸುಗಂಧರಾಜದ ವಾಸನೆ ಬಿಟ್ಟಿಲ್ಲ. ಕೌದಿಯ ನಡುಮಧ್ಯೆ ಹಾಕಿದ್ದೇನೆ, ಮಗು ಬೆನ್ನು ಕೊಟ್ಟು ಮಲಗುವ ಜಾಗ. ಹೊಲಿದು ಮುಗಿಯಿತು ಎಂದುಕೊಂಡು ಎತ್ತಿ ಹಿಡಿದರೆ ಅದರ ಪಕ್ಕ ಅಂಗೈಯಗಲ ಖಾಲಿ ಕಾಣುತ್ತಿತ್ತು. ತಳದ ಕೆಂಪು ಚೌಕುಳಿ ಕಾಣುತ್ತಿತ್ತೇ ಹೊರತು ನಿಜವಾಗಿ ಖಾಲಿಯೇನಲ್ಲ. ಹಾಗೇ ಬಿಟ್ಟರೂ ಆಗುತ್ತಿತ್ತು.

ಇವತ್ತು ಬೆಳಿಗ್ಗೆ ಟ್ರಂಕು ತೆಗೆದೆ. ಹಳದಿ ಫ್ರಾಕು ಅದರಲ್ಲೇ ಇದೆ, ಇಷ್ಟು ವರ್ಷ ಯಾರಿಗೂ ಕೊಡದೆ ಇಟ್ಟಿದ್ದೆ. ಕೆಂಪು ಪಟ್ಟಿ ಕಂದಿದೆ. ಕತ್ತರಿ ತೆಗೆದುಕೊಂಡು, ನಿಂಗಿ ಅವತ್ತು ತೋರಿಸಿದ್ದ ಕೆಳ ಅಂಚಿಗೆ ಹಾಕಿದೆ. ಅರ್ಧ ಕತ್ತರಿಸುವ ಹೊತ್ತಿಗೆ ಅಡಿಗೆಮನೆಯಲ್ಲಿ ಮಂಜುಳಾ ಕೆಮ್ಮಿದಳು. ನನ್ನ ಕೈ ನಿಂತಿತು. ಅವಳಿಗೆ ಈಗ ಐವತ್ತರ ಹತ್ತಿರ, ಮೊಮ್ಮಗು ನೋಡುವ ವಯಸ್ಸು. ಮೆಣಸಿನಕಾಯಿ ಹುರಿಯುತ್ತಿದ್ದಳು, ಘಾಟು ನನಗೂ ಬರುತ್ತಿತ್ತು. ಮತ್ತೆ ಕೆಮ್ಮಿದಳು, ಸ್ವಲ್ಪ ಉದ್ದಕ್ಕೆ.

"ಮಂಜಿ."

"ಏನವ್ವ?"

"ನೀರು ಕುಡಿ."

ಚೊಂಬು ತೆಗೆದ ಸದ್ದಾಯಿತು. ಕುಡಿದು ಕೆಳಗಿಟ್ಟ ಸದ್ದೂ ಆಯಿತು. ಇನ್ನಷ್ಟು ಹೊತ್ತು ಕಿವಿಗೊಟ್ಟು ಕೂತಿದ್ದೆ. ಆಮೇಲೆ ಉಳಿದ ಅರ್ಧ ಕತ್ತರಿಸಿದೆ.